ವಿಸ್ಟಿನ್ ಮೇಷ್ಟ್ರ ಸಹಿ

“ಮೊದಲ ಸಹಿ ನಿಮ್ಮದೇ ಇರಬೇಕು ಮೇಷ್ಟ್ರೇ,” ಎಂದು ಊರಿನ ವಾದ್ಯದವರ ಬ್ಯಾಂಡ್ ಕ್ಲಬ್ಬಿನ ಕಾರ್ಯದರ್ಶಿ ಜೆಲು ಕಾಗದವನ್ನು ಚಹಾದ ಲೋಟದ ಪಕ್ಕ ಇಟ್ಟ. ಹಿಂದಿನ ರಾತ್ರಿಯಷ್ಟೇ ಯುರೋಪಿನ ಹಾಡಿನ ಸ್ಪರ್ಧೆಯ ಸೆಮಿಫೈನಲ್‌ನಲ್ಲಿ ಮಾಲ್ಟಾ ಸೋತಿತ್ತು. ಕೆಲವು ವರ್ಷಗಳಿಂದ ಈ ಸ್ಪರ್ಧೆಗೆ ಸೇರಿಕೊಂಡಿದ್ದ ಆಸ್ಟ್ರೇಲಿಯಾ ಗೆದ್ದು ಫೈನಲ್‌ಗೆ ಹೋಗಿತ್ತು. ಸೋತ ಹಾಡು ವಿಸ್ಟಿನ್ ಮೇಷ್ಟ್ರು ಬರೆದದ್ದು. ಹದಿನೆಂಟು ವರ್ಷ ದೇಶದೊಳಗಿನ ಆಯ್ಕೆಯಲ್ಲೇ ಬಿದ್ದುಹೋಗುತ್ತಿದ್ದ ಅವರು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮೊದಲ ಸಲ ಅಲ್ಲಿಯವರೆಗೆ ಮುಟ್ಟಿದ್ದರು.

“ಏನಿದು?”

“ಯುರೋಪಿನ ಹೊರಗಿನ ದೇಶಗಳನ್ನ ಸೇರಿಸ್ಕೋಬೇಡಿ ಅಂತ ಮನವಿ. ನಕ್ಷೆ ನೋಡಿ ಮೇಷ್ಟ್ರೇ, ಆಸ್ಟ್ರೇಲಿಯಾ ಎಲ್ಲಿ, ಯುರೋಪ್ ಎಲ್ಲಿ? ನಾಳೆ ಕೆನಡಾ ಬರುತ್ತೆ, ನಾಡಿದ್ದು ಚಿಲಿ. ಆಮೇಲೆ ನಮ್ಮಂಥ ಅಂಗೈಯಗಲದ ದೇಶ ಅಲ್ಲಿ ಕುರ್ಚಿ ಜೋಡಿಸೋಕೆ ಹೋಗಬೇಕಷ್ಟೆ.”

ಮೇಷ್ಟ್ರಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಬೆಳಗಿನಿಂದ ತಮ್ಮೂರು ಜೈತುನ್‌ನ ಅರ್ಧ ಜನ ಬಂದು ಬೆನ್ನು ತಟ್ಟಿ ಹೋಗಿದ್ದರು, ಸಾವಿನ ಮನೆಗೆ ಬಂದು ಹೋಗುವವರ ಹಾಗೆ. ಅವರು ಓದದೆಯೇ ಸಹಿ ಹಾಕಿದರು. ಅಷ್ಟರಲ್ಲಿ ಫೋನು ಬಂತು. ಅಕ್ಕ ಚೆಟ್ಟಾ, ಅರವತ್ತು ವರ್ಷದ ಹಿಂದೆ ಹಡಗು ಹತ್ತಿ ಮೆಲ್ಬರ್ನಿಗೆ ಹೋಗಿ ಅಲ್ಲೇ ನೆಲೆಸಿದವಳು. ಅವಳಿಗೆ ಕಿವಿ ಮಂದ, ಅದಕ್ಕೇ ಫೋನಿನಲ್ಲಿ ಕೂಗುತ್ತಾಳೆ. ಕ್ಲಬ್ಬಿಗೆಲ್ಲ ಕೇಳುತ್ತಿತ್ತು.

“ಲೋ ವಿಸ್ಟಿನ್, ಇಲ್ಲಿ ಬೆಳಿಗ್ಗೆ ಐದಕ್ಕೇ ಎದ್ದು ಕೂತಿದ್ನಲ್ಲೋ! ಪಕ್ಕದ ಬೀದಿಯ ನಮ್ಮೋರನ್ನೆಲ್ಲ ಎಬ್ಬಿಸ್ಕೊಂಡು ಬಂದೆ. ಇಲ್ಲಿರೋರು ಈ ದೇಶದ ಹಾಡಿಗೇ ವೋಟು ಹಾಕೋ ಹಾಗಿಲ್ಲ. ಒಳ್ಳೇದೇ ಆಯ್ತು, ಎಲ್ಲಾ ನಿನಗೇ ಹಾಕಿದ್ವಿ. ಬೆರಳು ನೋವು ಬಂತು ಕಣೋ.”

ಮೇಷ್ಟ್ರು ಕಾಗದದ ಮೇಲಿನ ತಮ್ಮ ಹೆಸರನ್ನೇ ನೋಡಿದರು. ಅಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಅಕ್ಕಾ, ಹೊರಗಿನವರು ಬೇಡ ಅಂತ ಇಲ್ಲೊಂದು ಮನವಿ ಬರೆದಿದ್ದಾರೆ. ನಾನು ಸಹಿ ಹಾಕಿಬಿಟ್ಟೆ.”

ಚೆಟ್ಟಾಳ ದನಿ ಇಳಿಯಿತು. “ಹಾಕಿದ್ರೆ ತಪ್ಪೇನು? ಇಲ್ಲಿಯವರೂ ಅರವತ್ತು ವರ್ಷದಿಂದ ‘ನಿಮ್ಮೂರು ಯಾವುದು’ ಅಂತ ಕೇಳ್ತಾನೇ ಇದ್ದಾರೆ. ಅದು ಬಿಡು. ನಿನ್ನ ಹಾಡಿನ ರಾಗ ಎಲ್ಲೋ ಕೇಳಿದ ಹಾಗಿತ್ತು. ಮಾತು ಮಾತ್ರ ಇಂಗ್ಲಿಷು.”

“ಅಮ್ಮ ಬಟ್ಟೆ ಒಗೀತಾ ಹಾಡ್ತಿದ್ದಳಲ್ಲ, ಅದೇ. ನಮ್ಮ ಭಾಷೆಯಲ್ಲೇ ಬರೆದಿದ್ದೆ. ಅಂಕ ಬರಲಿ ಅಂತ ನಾನೇ ಇಂಗ್ಲಿಷು ಮಾಡಿದೆ.”

“ನಮ್ಮದರಲ್ಲಿ ಹಾಡು ನೋಡೋಣ.”

ಸುತ್ತ ಜನರಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಗ್ಗಿದ ದನಿಯಲ್ಲಿ ಹಾಡಿದರು. “ಕಡಲೇ ಕಡಲೇ, ಹೋದವನ ಮರಳಿ ಕೊಡು...”

“‘ಕೊಡು’ ಅಲ್ಲ ಕಣೋ!” ಚೆಟ್ಟಾ ಮತ್ತೆ ಕೂಗಿದಳು. “ಅಮ್ಮ ಯಾವತ್ತೂ ಹಾಗೆ ಅಂದೋಳಲ್ಲ. ‘ಹೋದವನ ನೋಡಿಕೋ’ ಅಂತಿದ್ದಳು. ಅಪ್ಪ ಹಡಗಿಗೆ ಹೋದಾಗ್ಲೂ ಅದೇ, ನನ್ನ ಕಳಿಸುವಾಗ್ಲೂ ಅದೇ. ವಾಪಸ್ ಕೊಡು ಅಂತ ಅವಳು ಯಾರ ಹತ್ರಾನೂ ಕೇಳಲಿಲ್ಲ.”

ಮೇಷ್ಟ್ರಿಗೆ ಬಟ್ಟೆ ಬಡಿಯುವ ಸದ್ದಿನ ಜೊತೆಗೇ ಆ ಪದವೂ ನೆನಪಾಯಿತು. ಅಕ್ಕ ಹೇಳಿದ್ದೇ ಸರಿ. ಹುಟ್ಟಿದ ಬೀದಿ ಬಿಟ್ಟು ಕದಲದ ತಾನು ಕಳೆದುಕೊಂಡ ಪದವನ್ನು, ಭೂಮಿಯ ಆ ಕೊನೆಯಲ್ಲಿ ಅವಳು ಇಟ್ಟುಕೊಂಡಿದ್ದಳು. ಅವರು ಪೆನ್ನು ತೆಗೆದು ತಮ್ಮ ಸಹಿಯ ಮೇಲೆ ಎರಡು ಗೀಟು ಎಳೆದರು.

“ಏನ್ ಮೇಷ್ಟ್ರೇ, ಇಷ್ಟು ಜನ ನಿಮಗೋಸ್ಕರ ಓಡಾಡ್ತಿದ್ದರೆ!” ಜೆಲು ಕಾಗದ ಕಿತ್ತುಕೊಂಡು ಪಕ್ಕದ ಮೇಜಿಗೆ ಹೋದ. ಅಲ್ಲಿ ಸಹಿ ಹಾಕುವವರಿಗೇನೂ ಬರವಿರಲಿಲ್ಲ.

“ಇನ್ನು ಬರೆಯಲ್ಲ ಅಕ್ಕಾ. ಸಾಕಾಯ್ತು,” ಎಂದರು ಮೇಷ್ಟ್ರು.

“ಬರಿ ಬರಿ. ಅಂಕ ಹೇಗಿದ್ರೂ ಬರಲ್ಲ,” ಎಂದಳು ಚೆಟ್ಟಾ. “ಮುಂದಿನ ಸಲ ನಮ್ಮ ಭಾಷೆಯಲ್ಲೇ ಸೋಲು.”