ಗಣೇಶನ ಸೀರಿಯಲ್ ಸೆಟ್ಟಿನ ಎರಡು ದೀಪ

ಸೋಲ್ಡರಿಂಗ್ ಹೊಗೆಯ ವಾಸನೆ ಬಂದರೆ ಈಗಲೂ ಸಾರಕ್ಕಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಸಂಜೆ ನಮ್ಮ ಬೀದಿಯ ಗಣೇಶನ ಮುಂದೆ ಅಕ್ಕ ಗಿಟಾರ್ ನುಡಿಸಬೇಕಿತ್ತು. ಕಾಲಲ್ಲಿ ಒತ್ತಿದರೆ ದನಿಯನ್ನು ಗುಡುಗಿಸಬೇಕಾದ ಪುಟ್ಟ ಡಬ್ಬಿ, ಅವಳ ಡಿಸ್ಟಾರ್ಷನ್ ಪೆಡಲ್, ಮಾತ್ರ ನೆಗಡಿ ಹಿಡಿದವರಂತೆ ಗೊಣಗುತ್ತಿತ್ತು. ಅಕ್ಕ ಅದರ ಮುಚ್ಚಳ ಬಿಚ್ಚಿ, ಒಳಗೆ ದನಿಯ ತುದಿ ಕತ್ತರಿಸುತ್ತಿದ್ದ ಎರಡು ಡಯೋಡ್ ಕಿತ್ತಳು. ಗಣೇಶನಿಗೆಂದು ತಂದಿದ್ದ ಸೀರಿಯಲ್ ಸೆಟ್ಟಿನಿಂದ ಎರಡು ಕೆಂಪು ಎಲ್‌ಇಡಿ ಕತ್ತರಿಸಿ ಆ ಜಾಗಕ್ಕೆ ಬೆಸೆದಳು; ಅವೂ ಡಯೋಡುಗಳೇ, ಆದರೆ ದನಿಯನ್ನು ಅಷ್ಟು ಬೇಗ ಕತ್ತರಿಸುವುದಿಲ್ಲ.

"ದೇವ್ರ ದೀಪಕ್ಕೇ ಕೈ ಹಾಕ್ದ್ಯಾ?" ಅಜ್ಜಿ ರೇಗಿದಳು.

"ಒಂದ್ನಿಮಿಷ ಇರಜ್ಜಿ, ಕೇಳು."

ಅಕ್ಕ ತಂತಿ ಮೀಟಿದಳು. ಕಿಟಕಿಯ ಗಾಜು ನಡುಗಿತು. ತೆರೆದ ಪೆಡಲಿನೊಳಗೆ ಎರಡೂ ದೀಪ ಆ ದನಿಗೆ ತಕ್ಕಂತೆ ಮಿನುಗಿದವು.

ಅಜ್ಜಿ ಬಗ್ಗಿ ನೋಡಿ, ಕುರ್ಚಿ ಎಳೆದುಕೊಂಡು ಕೂತಳು.

"ಮುಚ್ಳ ಹಾಕ್ಬೇಡ ಕಣೇ. ಗಣಪ್ಪಂಗೂ ಕಾಣ್ಲಿ."