ಬೇಲಿಯಾಚೆಯ ನೀರು

ಬೆಳಿಗ್ಗೆ ಹನ್ನೊಂದಕ್ಕೆ ಹೆಮ್ಮಾಡಿ ಪಂಚಾಯ್ತಿಯ ಸಭೆಯಲ್ಲಿ ಲೀಲಾಧರ, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಮೂಡಿದ್ದ ನಕ್ಷೆಯತ್ತ ಬೆರಳು ತೋರಿಸಿದ. ಹೊಳೆಬದಿಯ ತನ್ನ ಗದ್ದೆಗೆ ಮಣ್ಣು ತುಂಬಿಸಿ ಮದುವೆ ಮಂಟಪ ಕಟ್ಟಲು ಅವನಿಗೆ ಪಂಚಾಯ್ತಿಯ ಒಪ್ಪಿಗೆ ಬೇಕಿತ್ತು. ಅವನ ಎಂಜಿನಿಯರ್ ಅನೂಪ್ ಕಂಪ್ಯೂಟರಿನಲ್ಲಿ ನೆರೆಯ ಲೆಕ್ಕ ಹಾಕಿ, ಆ ಗದ್ದೆಗೆ ಅಡ್ಡವಾಗಿ ಕೆಂಪು ಗೆರೆ ಎಳೆದಿದ್ದ. ಮಣ್ಣು ತುಂಬಿದರೆ ಗೆರೆ ದಾಟುವ ನೀರು ಸೆಕೆಂಡಿಗೆ ನಲವತ್ತು ಘನ ಮೀಟರಿನಿಂದ ಆರಕ್ಕೆ ಇಳಿಯುತ್ತಿತ್ತು.

“ಕಾಣಿ, ಮಣ್ಣ್ ಹಾಕ್ರೆ ನೆರೆ ಕಮ್ಮಿ ಆತ್ತ್,” ಎಂದ ಲೀಲಾಧರ.

“ಉಳ್ದ್ ನೀರ್ ಎಂತ, ನಿಮ್ಮಲ್ಲ್ ಮದಿ ಊಟಕ್ಕ್ ಬತ್ತಾ?” ಆ ಗದ್ದೆಯ ಬೇಲಿಯಾಚೆಗಿನ ಮನೆಯ, ಮೀನು ಮಾರುವ ಸರಸ ಕೇಳಿದಳು. ಹಿಂದಿನ ಸಾಲಿನಲ್ಲಿ ನಗು ಎದ್ದಿತು.

ಅನೂಪನ ಕೈ ಮೌಸಿನ ಮೇಲಿತ್ತು. ಲೀಲಾಧರ ಅವನ ಕಿವಿಯ ಬಳಿ ಬಗ್ಗಿ, “ಗೆರೆ ಬೇಲಿ ಒಳ್ಗೇ ಇರ್ಲಿ. ನಿಂಗೆ ಸಂಬಳ ಕೊಡುದ್ ಅವ್ಳಲ್ಲ,” ಎಂದ. ಅನೂಪ್ ಬೇಲಿಯಾಚೆ, ಸರಸಳ ಅಂಗಳಕ್ಕೆ ಅಡ್ಡವಾಗಿ ಇನ್ನೊಂದು ಗೆರೆ ಎಳೆದ. ಮಣ್ಣು ಹಾಕುವ ಮೊದಲು ಅಲ್ಲಿ ಸೊನ್ನೆ. ಹಾಕಿದ ಮೇಲೆ ಮೂವತ್ತನಾಲ್ಕು.

“ಇದ್ ನಿಂಗೆ ಮೊದ್ಲೇ ಗೊತ್ತಿದ್ದಿತಾ?” ಸರಸ ಅನೂಪನನ್ನೇ ಕೇಳಿದಳು.

“ಹೌದು,” ಎಂದ.

ಪಂಚಾಯ್ತಿ ಒಪ್ಪಿಗೆ ಕೊಡಲಿಲ್ಲ. ಲೀಲಾಧರ ಒಬ್ಬನೇ ಕಾರು ಹತ್ತಿ ಹೋದ. ಅದೇ ಕಾರಿನಲ್ಲಿ ಬಂದಿದ್ದ ಅನೂಪ್ ಬಸ್ ಸ್ಟ್ಯಾಂಡಿಗೆ ನಡೆದ. ಮೀನು ತರಲು ಮಾರ್ಕೆಟ್ಟಿಗೆ ಹೊರಟಿದ್ದ ಸರಸ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಪಕ್ಕದ ಜಾಗದಲ್ಲಿದ್ದ ಖಾಲಿ ಮೀನಿನ ಬುಟ್ಟಿಯನ್ನು ಅವಳು ತೆಗೆಯಲಿಲ್ಲ. ಬಸ್ಸು ಬರುವವರೆಗೂ ಅನೂಪ್ ನಿಂತೇ ಇದ್ದ.