ಹಳೆ ಕಾರಿಗೆ ಹೊಸ ಮೋಟರು

ಪಂದ್ಯ ಶುರು ಮಾಡಲು ಮಿರ್ಕೊ ಪೀಪಿ ಊದಿದ. ಉಳಿದ ರಿಮೋಟ್ ಕಾರುಗಳೆಲ್ಲ ನೆಲ ಕಚ್ಚಿಕೊಂಡು ಓಡಿದವು. ಲಯಲ್ ಹಾಕಿಂಗ್‌ನ ಕಾರು ಮಾತ್ರ ಹಿಂದಿನ ಚಕ್ರಗಳ ಮೇಲೆ ಎದ್ದು ನಿಂತು, ಗಿರ್ರನೆ ತಿರುಗಿ, ಅಂಚಿಗೆ ಜೋಡಿಸಿದ್ದ ಟಯರುಗಳಿಗೆ ಬಡಿದು ಮಗುಚಿಕೊಂಡಿತು.

ಯಾರೋ ಓಡಿ ಹೋಗಿ ಅದನ್ನು ನೆಟ್ಟಗೆ ಮಾಡಿದರು. ಚಾಲಕರ ಅಟ್ಟದ ಮೇಲೆ ನಿಂತಿದ್ದ ಲಯಲ್ ಈ ಸಲ ರಿಮೋಟಿನ ಟ್ರಿಗರನ್ನು ಮೆಲ್ಲಗೆ, ಕೂಸಿನ ಕೆನ್ನೆ ಮುಟ್ಟುವ ಹಾಗೆ ಒತ್ತಿದ. ಕಾರು ಬಾಣದಂತೆ ಚಿಮ್ಮಿ, ತಿರುವು ದಾಟಿ, ಬೇಲಿಗೆ ಹೋಗಿ ಗುದ್ದಿತು. ಲಯಲ್ ತನ್ನ ಬೆರಳನ್ನು ನೋಡಿಕೊಂಡ. ಉಕ್ಕಿನ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಕ್ರೇನು ನಡೆಸಿದ ಬೆರಳು ಅದು. ಆಸ್ಟ್ರೇಲಿಯಾದ ವಯಾಲಾ ಊರಿನ ಈ ಕೆಂಪು ಮಣ್ಣಿನ ಟ್ರ್ಯಾಕಿನಲ್ಲಿ ಇದೇ ಮೊಳದುದ್ದದ ಬ್ಯಾಟರಿ ಕಾರನ್ನು, ಮಗಳು ಟ್ಯಾಮ್ಸಿನ್ ಶಾಲೆಗೆ ಸೇರಿದ ವರ್ಷದಿಂದ, ಭಾನುವಾರ ತಪ್ಪದೆ ಓಡಿಸಿದ ಬೆರಳು.

ಅವನು ಅಟ್ಟ ಇಳಿದು, ಕಾರನ್ನು ಎತ್ತಿಕೊಂಡು ತನ್ನ ಮೇಜಿಗೆ ಬಂದ.

ಸಾಸೇಜ್ ಸುಡುತ್ತಿದ್ದ ಒಲೆಯ ಪಕ್ಕದಲ್ಲಿ ಟ್ಯಾಮ್ಸಿನ್ ನಗು ತಡೆಯಲಾರದೆ ನಿಂತಿದ್ದಳು. ಅಪ್ಪನ ಹುಟ್ಟುಹಬ್ಬಕ್ಕೆಂದು, ಅವನು ಮೀನು ಹಿಡಿಯಲು ಸಮುದ್ರದಂಡೆಯ ಜೆಟ್ಟಿಗೆ ಹೋಗಿದ್ದಾಗ, ಶೆಡ್ಡಿನಲ್ಲಿ ಕೂತು ಕಾರಿನ ಸವೆದ ಮೋಟರು ಬಿಚ್ಚಿ ಹೊಸದನ್ನು ಕೂರಿಸಿದ್ದಳು. ಚಕ್ರ ಮೇಲೆ ಮಾಡಿ ತಿರುಗಿಸಿ ನೋಡಿದ್ದಳೇ ಹೊರತು ನೆಲದ ಮೇಲೆ ಓಡಿಸಿರಲಿಲ್ಲ. ಹೇಳಿಬಿಟ್ಟರೆ ಮಜಾ ಏನು, ಅವನೇ ಓಡಿಸಿ ಬೆರಗಾಗಲಿ ಅಂದುಕೊಂಡಿದ್ದಳು. ಎರಡು ಬ್ರೆಡ್ಡಿನಲ್ಲಿ ಸಾಸೇಜು ಸುತ್ತಿಕೊಂಡು ಅಪ್ಪನ ಮೇಜಿನ ಬಳಿ ಹೋದಳು.

ಲಯಲ್ ಕಾರಿನ ಮೇಲ್ಕವಚ ತೆಗೆದು ಒಳಗೆ ನೋಡುತ್ತಿದ್ದ. ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಗ್ಗಿದ ದನಿಯಲ್ಲಿ ಕೇಳಿದ:

"ಪುಟ್ಟಿ, ಇದನ್ನ ನಾನು ಯಾವಾಗ ಹಾಕ್ದೆ?"

ಟ್ಯಾಮ್ಸಿನ್‌ಳ ನಗು ಅಲ್ಲಿಗೇ ನಿಂತಿತು. "ನೀನಲ್ಲಪ್ಪಾ, ನಾನು ಹಾಕಿದ್ದು! ನಿನ್ನ ಹುಟ್ಟುಹಬ್ಬಕ್ಕೆ ಅಂತ."

"ನೀನಾ?"

"ಹೂಂ, ನಾನೇ."

"ಬಲ್ಬ್ ಬದಲಾಯ್ಸೋಕೂ ನನ್ನ ಕರೀತೀಯ. ನೀನು ವೈರಿಗೆ ಬೆಸುಗೆ ಹಾಕ್ದೆಯಾ?"

"ವಿಡಿಯೋ ನೋಡಿ ಕಲ್ತೆ. ನೋಡಿಲ್ಲಿ, ಬೆರಳು ಸುಟ್ಕೊಂಡಿದೀನಿ."

"ಅದು ಓವನ್ ತಾಗಿದ್ದು. ನೀನೇ ಹೇಳ್ದೆಯಲ್ಲ."

"ಗುಟ್ಟು ಬಿಟ್ಕೊಡಬಾರ್ದು ಅಂತ ಸುಳ್ಳು ಹೇಳ್ದೆ ಅಪ್ಪಾ!" ಅವಳ ದನಿ ಏರಿತು. "ಮೋಟರಿನ ಡಬ್ಬಿ ಮನೇಲಿದೆ, ತೋರಿಸ್ತೀನಿ ಬಾ. ನನ್ನ ಹೆಸರಿಗೇ ಬಂದಿರೋದು."

"ನಾನು ತರಿಸೋದೆಲ್ಲ ನಿನ್ನ ಹೆಸರಿಗೇ ತಾನೇ ಬರೋದು?"

ಅದೂ ನಿಜ. ಅವನಿಗೆ ಬೇಕಾದ್ದನ್ನೆಲ್ಲ ಫೋನಿನಲ್ಲಿ ತರಿಸಿಕೊಡುವವಳು ಅವಳೇ. ತಾನೇ ಮಾಡಿದ ಕೆಲಸಕ್ಕೆ ಸಾಕ್ಷಿ ಹುಡುಕುವ ಪಾಡು ಬಂತಲ್ಲ ಎಂದು ಟ್ಯಾಮ್ಸಿನ್ ಕಕ್ಕಾಬಿಕ್ಕಿಯಾದಳು.

ಲಯಲ್ ಅವಳ ಮೊಣಕೈ ತಟ್ಟಿದ. "ನಿನ್ನ ಮೇಲೆ ಕೋಪ ಇಲ್ಲ ಮಗಳೇ. ಕೆಟಲ್ ಸೀದು ಕಪ್ಪಾಗಿತ್ತಲ್ಲ, ಒಲೆ ಮೇಲಿಟ್ಟು ಮರೆತೋನು ನಾನು. ನೀನು 'ನಾನು ಕಣಪ್ಪಾ' ಅಂದೆ. ಕನ್ನಡಕ ಫ್ರಿಜ್ಜಲ್ಲಿ ಸಿಕ್ತಲ್ಲ, ಅದನ್ನೂ ನೀನೇ ಇಟ್ಟೆ ಅಂದೆ. ಸುಮ್ಮನೆ ಕೇಳಿಸ್ಕೊಂಡೆ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಅವು ಸುಳ್ಳು ಅಪ್ಪಾ. ಇದು ನಿಜ."

"ಸರಿ, ಸರಿ," ಅಂದ ಅವನು, ಹಟ ಮಾಡುವ ಮಗುವನ್ನು ಸಮಾಧಾನ ಮಾಡುವವನಂತೆ. ಆಮೇಲೆ ಕಾರನ್ನು ಬಿಸಿಲಿಗೆ ಎತ್ತಿ ಹಿಡಿದು ವೈರುಗಳ ಬೆಸುಗೆ ನೋಡಿದ. ಒಂದು ಕಡೆ ಗಂಟುಗಂಟಾಗಿತ್ತು, ಇನ್ನೊಂದು ಕಡೆ ಸೀಸ ಸೋರಿ ಇಬ್ಬನಿಯ ಹಾಗೆ ಜೋತುಬಿದ್ದಿತ್ತು. ಮೊದಲ ಸಲ ಬೆಸುಗೆ ಹಾಕಿದವರ ಕೈಕೆಲಸವೆಂದು ಯಾರಾದರೂ ಹೇಳಬಹುದಿತ್ತು. ಲಯಲ್ ಅದನ್ನು ಹೆಬ್ಬೆರಳಿನಿಂದ ಸವರಿದ.

"ನನ್ನ ಕೈ ಇಷ್ಟು ಕೆಟ್ಟೋಗಿದೆ ಅಂತ ಗೊತ್ತಿರಲಿಲ್ಲ," ಅಂದ.

ಟ್ಯಾಮ್ಸಿನ್ ಕೈಯಲ್ಲಿದ್ದ ಸಾಸೇಜುಗಳನ್ನು ಮೇಜಿನ ಮೇಲಿಟ್ಟಳು. ಇಷ್ಟು ದಿನ ಅವನನ್ನು ನೋಯಿಸಬಾರದೆಂದು ಹೇಳಿದ್ದನ್ನೆಲ್ಲ ಅವನು ನಂಬಲಿಲ್ಲವೆಂದರೆ ಇವತ್ತಿನದನ್ನು ಯಾಕೆ ನಂಬಬೇಕು? ಅಥವಾ ಕೆಟಲ್ ನಿಜಕ್ಕೂ ಯಾರು ಇಟ್ಟಿದ್ದು? ಅವಳಿಗೆ ಅದೂ ಒಂದು ಕ್ಷಣ ಕಲಸಿಹೋಯಿತು.

ಅಷ್ಟರಲ್ಲಿ ಮಿರ್ಕೊ ಪೀಪಿಯನ್ನು ಕೊರಳಿಗೆ ಜೋತುಹಾಕಿಕೊಂಡು ಬಂದ. ಕ್ರೊವೇಷಿಯಾದಿಂದ ಬಂದು ಅದೇ ಉಕ್ಕಿನ ಕಾರ್ಖಾನೆಯಲ್ಲಿ ಲಯಲ್ ಜತೆ ದುಡಿದವನು. ಕಾರಿನೊಳಗೆ ಇಣುಕಿ ಕಣ್ಣರಳಿಸಿದ.

"ಅಯ್ಯೋ ಮುದುಕಪ್ಪ, ಈ ಅಜ್ಜಿ ಗಾಡಿಗೆ ಇಂಥಾ ಮೋಟರಾ? ಬೇಲಿ ಹಾರಿ ಸಮುದ್ರಕ್ಕೆ ಬೀಳದೆ ಇದ್ದಿದ್ದೇ ಪುಣ್ಯ! ಯಾವ ತಲೆಕೆಟ್ಟೋನು ಮಾರಾಯ ಹಾಕಿದ್ದು?"

"ನಾನು," ಅಂದಳು ಟ್ಯಾಮ್ಸಿನ್.

ಮಿರ್ಕೊ ಜೋರಾಗಿ ನಕ್ಕು, ನಿಜ ಹೇಳು ಎನ್ನುವ ಹಾಗೆ ಲಯಲ್ ಕಡೆ ತಿರುಗಿದ.

ಲಯಲ್ ಮಗಳ ಮುಂದೆ ಒಂದು ಹೆಜ್ಜೆ ಅಡ್ಡ ಬಂದು ನಿಂತ.

"ಅವಳನ್ನ ಬಿಡು ಮಿರ್ಕೊ. ನಾನೇ ಹಾಕಿರ್ಬೇಕು."